ಶಸ್ತ್ರಚಿಕಿತ್ಸೆಯ ಮರುದಿನದಿಂದ: ಅಂಗಾಂಗ ಕಸಿಯ ಚರಿತ್ರೆಯಲ್ಲಿ ಬಾಳಸಂಗಾತಿ

ಸೆಪ್ಟೆಂಬರ್ 26ರಂದು ಧರ್ಮಸಭೆಯು ಸಂತ ಕೊಸ್ಮಾಸ್ ಮತ್ತು ಸಂತ ದಮಿಯಾನರನ್ನು ಸ್ಮರಿಸುತ್ತದೆ. ರೋಗಿಗಳಿಂದ ಒಂದು ಕಾಸನ್ನೂ ಪಡೆಯದೆ ಚಿಕಿತ್ಸೆ ನೀಡಿದ ವೈದ್ಯ ಸಹೋದರರು ಅವರು ಎಂದು ಪರಂಪರೆ ಹೇಳುತ್ತದೆ. ಅವರ ಬಗ್ಗೆ ಮಧ್ಯಯುಗದ ಒಂದು ದಂತಕಥೆಯಿದೆ. ರೋಮ್ ನಗರದಲ್ಲಿ ಅವರ ಹೆಸರಿನ ದೇವಾಲಯವನ್ನು ನೋಡಿಕೊಳ್ಳುತ್ತಿದ್ದ ಸೇವಕನೊಬ್ಬನ ಕಾಲು ರೋಗದಿಂದ ಕೊಳೆತಿತ್ತು. ಒಂದು ರಾತ್ರಿ ಅವನ ಕನಸಿನಲ್ಲಿ ಇಬ್ಬರೂ ಸಂತರು ಬಂದು, ತೀರಿಕೊಂಡಿದ್ದ ಇನ್ನೊಬ್ಬನ ಕಾಲನ್ನು ತಂದು ಜೋಡಿಸಿದರಂತೆ. ಬೆಳಗಾದಾಗ ಸೇವಕ ಹಾಸಿಗೆಯಿಂದ ಎದ್ದು ಸಂತೋಷದಿಂದ ನಡೆದಾಡಿದನಂತೆ. ಯೂರೋಪಿನ ಅನೇಕ ಚಿತ್ರಕಾರರು ಈ ದೃಶ್ಯವನ್ನು ಬರೆದಿದ್ದಾರೆ. ಅಂಗಾಂಗ ಕಸಿಯ ಚರಿತ್ರೆಯನ್ನು ಬರೆಯುವವರು ಇಂದಿಗೂ ಈ ಕಥೆಯಿಂದಲೇ ಆರಂಭಿಸುವುದುಂಟು.

ದಂತಕಥೆಯಲ್ಲಿ ರಾತ್ರಿ ಕಸಿ, ಬೆಳಿಗ್ಗೆ ಗುಣ. ನಿಜವಾದ ಚರಿತ್ರೆ ಹಾಗಿಲ್ಲ. ಅಲ್ಲಿ ಶಸ್ತ್ರಚಿಕಿತ್ಸೆ ಕೆಲವು ಗಂಟೆಗಳಲ್ಲಿ ಮುಗಿಯುತ್ತದೆ. ಗುಣವಾಗುವ ಕೆಲಸ ಮರುದಿನ ಶುರುವಾಗಿ ಉಳಿದ ಬದುಕಿನುದ್ದಕ್ಕೂ ನಡೆಯುತ್ತದೆ. ಆ ಗಂಟೆಗಳ ಲೆಕ್ಕವನ್ನು ಗ್ರಂಥಗಳು ಬರೆದಿಟ್ಟಿವೆ, ವೈದ್ಯರ ಹೆಸರುಗಳನ್ನು ಜಗತ್ತು ನೆನಪಿಟ್ಟುಕೊಂಡಿದೆ. ಆದರೆ ಮನೆಗೆ ಬಂದ ಮೇಲಿನ ವರ್ಷಗಳನ್ನು ಕಾಪಾಡಿದವರು ಯಾರು? ಹೆಚ್ಚಿನ ಮನೆಗಳಲ್ಲಿ ಗಂಡನಿಗೆ ಹೆಂಡತಿ, ಹೆಂಡತಿಗೆ ಗಂಡ. ಆರೋಗ್ಯದಲ್ಲೂ ಅನಾರೋಗ್ಯದಲ್ಲೂ ಜೊತೆಗಿರುತ್ತೇವೆಂದು ವಿವಾಹದ ದಿನ ಆಡಿದ ಮಾತು ಹೇಗೆ ದಿನದಿನದ ಕೆಲಸವಾಗುತ್ತದೆ ಎಂಬುದನ್ನು ಈ ಚರಿತ್ರೆಯ ಮೂಲಕ ನೋಡೋಣ.

ಬಾಸ್ಟನ್, 1954

ಕ್ರಿಸ್ತಜಯಂತಿಗೆ ಇನ್ನೆರಡೇ ದಿನ ಬಾಕಿ. 1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ ನಗರದ ಪೀಟರ್ ಬೆಂಟ್ ಬ್ರಿಗ್‌ಹ್ಯಾಮ್ ಆಸ್ಪತ್ರೆಯಲ್ಲಿ ಡಾ. ಜೋಸೆಫ್ ಮರ್ರೆ ಮತ್ತು ಅವರ ಸಂಗಡಿಗರು ರೊನಾಲ್ಡ್ ಹೆರಿಕ್ ಅವರ ಒಂದು ಮೂತ್ರಪಿಂಡವನ್ನು ತೆಗೆದು ಅವರ ಅವಳಿ ಸಹೋದರ ರಿಚರ್ಡ್ ಅವರಿಗೆ ಕಸಿ ಮಾಡಿದರು. ಇಬ್ಬರಿಗೂ 23 ವರ್ಷ. ರಿಚರ್ಡ್ ಅವರ ಎರಡೂ ಮೂತ್ರಪಿಂಡಗಳು ಕೆಟ್ಟು, ಅವರು ಸಾವಿನ ಅಂಚಿನಲ್ಲಿದ್ದರು. ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ರಿಚರ್ಡ್ ತಮ್ಮ ಸಹೋದರನಿಗೆ ಚೀಟಿ ಬರೆದು, ಇದೆಲ್ಲ ಬೇಡ, ಮನೆಗೆ ಹೋಗಿಬಿಡು ಎಂದರಂತೆ. ರೊನಾಲ್ಡ್ ಹೋಗಲಿಲ್ಲ. ಮೂತ್ರಪಿಂಡ ಕೆಲಸ ಮಾಡಿತು. ಜಗತ್ತಿನಲ್ಲಿ ದೀರ್ಘಕಾಲ ಉಳಿದ ಮೊದಲ ಮೂತ್ರಪಿಂಡ ಕಸಿ ಇದೇ. ಡಾ. ಮರ್ರೆ ಕಥೋಲಿಕ ವಿಶ್ವಾಸಿ. 1990ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ದೊರೆಯಿತು.

ಇಷ್ಟನ್ನು ಬಹಳ ಮಂದಿ ಬಲ್ಲರು. ಮುಂದಿನದನ್ನು ಬಲ್ಲವರು ಕಡಿಮೆ. ಶಸ್ತ್ರಚಿಕಿತ್ಸೆಯ ನಂತರ ರಿಚರ್ಡ್ ಅವರ ಆರೈಕೆ ಮಾಡಿದ ದಾದಿಯರಲ್ಲಿ ಕ್ಲೇರ್ ಬುರ್ಟಾ ಒಬ್ಬರು. ರಿಚರ್ಡ್ ಮತ್ತು ಕ್ಲೇರ್ ಮುಂದೆ ಮದುವೆಯಾದರು. ಅವರಿಗೆ ಇಬ್ಬರು ಮಕ್ಕಳಾದರು. ಸಾಮಾನ್ಯವಾಗಿ ಮದುವೆಯಾದ ಮೇಲೆ ಕಾಯಿಲೆ ಬರುತ್ತದೆ, ಸಂಗಾತಿ ಅದನ್ನು ಹೊರುತ್ತಾರೆ. ಕ್ಲೇರ್ ಅವರು ಕಾಯಿಲೆಯನ್ನು ಹತ್ತಿರದಿಂದ ಕಂಡಮೇಲೆ ಮದುವೆಯಾದರು. ತಾನು ಏನನ್ನು ಒಪ್ಪಿಕೊಳ್ಳುತ್ತಿದ್ದೇನೆಂದು ದಾದಿಯಾದ ಅವರಿಗೆ ಚೆನ್ನಾಗಿ ಗೊತ್ತಿತ್ತು. 1963ರಲ್ಲಿ ಹಳೆಯ ರೋಗವೇ ಹೊಸ ಮೂತ್ರಪಿಂಡಕ್ಕೂ ತಗುಲಿ ರಿಚರ್ಡ್ ತೀರಿಕೊಂಡರು. ವೈದ್ಯಶಾಸ್ತ್ರದ ಪುಸ್ತಕ ಇದನ್ನು ಎಂಟು ವರ್ಷಗಳ ಯಶಸ್ಸು ಎಂದು ಬರೆಯುತ್ತದೆ. ಆ ಎಂಟು ವರ್ಷಗಳಲ್ಲಿ ಒಂದು ಸಂಸಾರವೇ ಕಟ್ಟಿಕೊಂಡಿತ್ತೆಂಬುದನ್ನು ನಾವು ಸೇರಿಸಿ ಓದಬೇಕು.

ಅದೇ ಆಸ್ಪತ್ರೆಯಲ್ಲಿ 1956ರಲ್ಲಿ ಓಕ್ಲಹೋಮಾದ ಯುವತಿ ಈಡಿತ್ ಹೆಲ್ಮ್ ಅವರು ತಮ್ಮ ಅವಳಿ ಸಹೋದರಿಯ ಮೂತ್ರಪಿಂಡ ಪಡೆದರು. 1958ರಲ್ಲಿ ಅವರು ಮಗುವಿಗೆ ಜನ್ಮವಿತ್ತರು. ಕಸಿಯಾದ ಮೇಲೆ ತಾಯಿಯಾದ ಮೊದಲ ಮಹಿಳೆ ಅವರು. ಬದುಕಿ ಉಳಿಯುವುದೇ ದೊಡ್ಡದೆಂದು ಭಾವಿಸಿದ್ದ ಕಾಲದಲ್ಲಿ, ಕಸಿಯ ಗುರಿ ಜೀವ ಉಳಿಸುವುದಷ್ಟೇ ಅಲ್ಲ, ಸಂಸಾರವನ್ನು ಮರಳಿ ಕೊಡುವುದು ಎಂದು ಆ ಹೆರಿಗೆ ತೋರಿಸಿತು.

ಕೇಪ್‌ಟೌನ್: 18 ದಿನ, 19 ತಿಂಗಳು

ತದ್ರೂಪಿ ಅವಳಿಗಳ ನಡುವೆ ಕಸಿ ಸುಲಭ. ದೇಹವು ಹೊಸ ಅಂಗವನ್ನು ತನ್ನದೆಂದೇ ಸ್ವೀಕರಿಸುತ್ತದೆ. ಬೇರೆಯವರ ಅಂಗವಾದರೆ ಶರೀರದ ರೋಗನಿರೋಧಕ ಶಕ್ತಿ ಅದನ್ನು ಶತ್ರುವೆಂದು ತಿಳಿದು ಆಕ್ರಮಿಸುತ್ತದೆ. ಈ ಶಕ್ತಿಯನ್ನು ಔಷಧಿಯಿಂದ ತಗ್ಗಿಸಿದರೆ ಅಂಗ ಉಳಿಯುತ್ತದೆ, ಆದರೆ ಸಣ್ಣ ಸೋಂಕೂ ಪ್ರಾಣಕ್ಕೆ ಎರವಾಗಬಹುದು. ಕಸಿಯಾದವರ ಇಡೀ ಬದುಕು ಈ ಎರಡು ಅಪಾಯಗಳ ನಡುವಿನ ಕಿರಿದಾದ ಹಾದಿ.

1967ರ ಡಿಸೆಂಬರ್ 3ರಂದು ದಕ್ಷಿಣ ಆಫ್ರಿಕದ ಕೇಪ್‌ಟೌನಿನ ಗ್ರೂಟ್ ಸ್ಕೂರ್ ಆಸ್ಪತ್ರೆಯಲ್ಲಿ ಡಾ. ಕ್ರಿಶ್ಚಿಯನ್ ಬರ್ನಾರ್ಡ್ ಅವರು ದಿನಸಿ ವ್ಯಾಪಾರಿ ಲೂಯಿ ವಾಷ್ಕಾನ್ಸ್‌ಕಿ ಅವರಿಗೆ ಮೊದಲ ಮಾನವ ಹೃದಯ ಕಸಿ ಮಾಡಿದರು. ಹೃದಯ ಕೊಟ್ಟ ಡೆನಿಸ್ ಡಾರ್ವಲ್ 25 ವರ್ಷದ ಯುವತಿ. ರಸ್ತೆ ಅಪಘಾತದಲ್ಲಿ ಗಾಯಗೊಂಡಿದ್ದರು. ಅದೇ ಅಪಘಾತದಲ್ಲಿ ಹೆಂಡತಿಯನ್ನು ಕಳೆದುಕೊಂಡಿದ್ದ ಅವರ ತಂದೆ ಅಂಥ ಘಳಿಗೆಯಲ್ಲೂ ಮಗಳ ಅಂಗದಾನಕ್ಕೆ ಒಪ್ಪಿದರು. ಶಸ್ತ್ರಚಿಕಿತ್ಸೆಯ ಮೊದಲು ಯಶಸ್ಸಿನ ಸಾಧ್ಯತೆ ಶೇಕಡಾ 80 ಎಂದು ಡಾ. ಬರ್ನಾರ್ಡ್ ಅವರು ವಾಷ್ಕಾನ್ಸ್‌ಕಿ ದಂಪತಿಗೆ ಹೇಳಿದ್ದು ಮುಂದೆ ಟೀಕೆಗೆ ಗುರಿಯಾಯಿತು. ಹೃದಯ ಬಡಿಯಿತು, ನಿಜ. ಆದರೆ ತಗ್ಗಿಸಿದ ನಿರೋಧಕ ಶಕ್ತಿಯ ನಡುವೆ ನ್ಯುಮೋನಿಯಾ ಬಂದು 18ನೆಯ ದಿನ, ಡಿಸೆಂಬರ್ 21ರಂದು, ಅವರು ಕಣ್ಣುಮುಚ್ಚಿದರು. ಜಗತ್ತಿನ ಪತ್ರಿಕೆಗಳು ಗೆದ್ದೆವೆಂದು ಬರೆಯುತ್ತಿದ್ದಾಗ ಅವರ ಪತ್ನಿ ಆನ್ ಕಾದದ್ದು ಬೇರೆಯೇ ಗೆಲುವಿಗೆ: ಗಂಡ ಮನೆಗೆ ಬರುವ ದಿನಕ್ಕೆ. ಆ ದಿನ ಬರಲಿಲ್ಲ.

ಹನ್ನೆರಡು ದಿನಗಳ ನಂತರ, 1968ರ ಜನವರಿ 2ರಂದು, ಅದೇ ಆಸ್ಪತ್ರೆಯಲ್ಲಿ ದಂತವೈದ್ಯ ಫಿಲಿಪ್ ಬ್ಲೈಬರ್ಗ್ ಅವರಿಗೆ ಹೃದಯ ಕಸಿಯಾಯಿತು. ಅವರಿಗೆ 58 ವರ್ಷ. ಹೃದಯ ಕೊಟ್ಟವರು 24 ವರ್ಷದ ಕ್ಲೈವ್ ಹಾಪ್ಟ್. ಹೊಸದಾಗಿ ಮದುವೆಯಾಗಿದ್ದ ಯುವಕ. ಬ್ಲೈಬರ್ಗ್ ಬಿಳಿಯರು, ಹಾಪ್ಟ್ ಬಿಳಿಯರಲ್ಲ. ಬಣ್ಣದ ಆಧಾರದ ಮೇಲೆ ಜನರನ್ನು ಬೇರ್ಪಡಿಸುತ್ತಿದ್ದ ಆ ದೇಶದಲ್ಲಿ ಒಬ್ಬರ ಹೃದಯ ಇನ್ನೊಬ್ಬರ ಎದೆಯಲ್ಲಿ ಬಡಿಯಿತು. ಮಾರ್ಚ್ ತಿಂಗಳಲ್ಲಿ ಬ್ಲೈಬರ್ಗ್ ಆಸ್ಪತ್ರೆಯಿಂದ ಹೊರಬಂದರು. ಹೃದಯ ಕಸಿಯ ನಂತರ ಮನೆಗೆ ಮರಳಿದ ಮೊದಲಿಗರು ಅವರು. ಹಾಗೆ ಬಂದ ಗಂಡನನ್ನು ಬರಮಾಡಿಕೊಂಡ ಮೊದಲ ಹೆಂಡತಿ ಐಲೀನ್. ಈ ಕೆಲಸಕ್ಕೆ ಅವರ ಮುಂದೆ ಮಾದರಿಯೇ ಇರಲಿಲ್ಲ. ಬ್ಲೈಬರ್ಗ್ 1969ರ ಆಗಸ್ಟ್ 17ರವರೆಗೆ, 19 ತಿಂಗಳು ಬದುಕಿದರು.

1968ರಲ್ಲಿ ಜಗತ್ತಿನಾದ್ಯಂತ ಸುಮಾರು 100 ಹೃದಯ ಕಸಿಗಳು ನಡೆದವು. ಬಹುತೇಕ ರೋಗಿಗಳು ಬೇಗನೆ ತೀರಿಕೊಂಡರು, ಹೆಚ್ಚಿನ ಆಸ್ಪತ್ರೆಗಳು ಈ ಪ್ರಯತ್ನವನ್ನೇ ನಿಲ್ಲಿಸಿದವು. ವೈದ್ಯರ ಕೈಚಳಕ ಸಾಲದು, ನಂತರದ ದಿನಗಳನ್ನು ಕಾಯುವ ದಾರಿ ಬೇಕು ಎಂಬುದು ಸ್ಪಷ್ಟವಾಯಿತು.

ಮಣ್ಣಿನಿಂದ ಬಂದ ಔಷಧಿ

ಆ ದಾರಿ ಸಿಕ್ಕಿದ್ದು ಒಂದು ಹಿಡಿ ಮಣ್ಣಿನಲ್ಲಿ. 1969ರಲ್ಲಿ ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಕಂಪನಿಯ ಉದ್ಯೋಗಿಯೊಬ್ಬರು ನಾರ್ವೆಯ ಹಾರ್ಡಂಗರ್‌ವಿಡ್ಡ ಎಂಬ ಪ್ರಸ್ಥಭೂಮಿಯಿಂದ ಮಣ್ಣನ್ನು ತಂದರು. ಅದರಲ್ಲಿದ್ದ ಶಿಲೀಂಧ್ರದಿಂದ ಸೈಕ್ಲೋಸ್ಪೋರಿನ್ ಎಂಬ ಔಷಧಿ ದೊರೆಯಿತು. 1978ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಡಾ. ರಾಯ್ ಕಾನ್ ಅದನ್ನು ಮೊದಲ ಬಾರಿಗೆ ಕಸಿ ರೋಗಿಗಳಿಗೆ ಕೊಟ್ಟರು. 1983ರಲ್ಲಿ ಅಮೆರಿಕ ಸರ್ಕಾರ ಅದಕ್ಕೆ ಒಪ್ಪಿಗೆ ನೀಡಿತು. ಮುಂದೆ ಟ್ಯಾಕ್ರೋಲಿಮಸ್ ಮುಂತಾದವು ಬಂದವು. ತಿಂಗಳುಗಳಲ್ಲಿ ಎಣಿಸುತ್ತಿದ್ದ ಆಯುಷ್ಯ ವರ್ಷಗಳಾಯಿತು, ದಶಕಗಳಾಯಿತು.

ಇದರೊಡನೆ ಚರಿತ್ರೆಯ ಭಾರ ಆಸ್ಪತ್ರೆಯಿಂದ ಮನೆಗೆ ಸರಿಯಿತು. ಈ ಮಾತ್ರೆಗಳನ್ನು ಹೊತ್ತುಹೊತ್ತಿಗೆ, ಜೀವನಪರ್ಯಂತ ತೆಗೆದುಕೊಳ್ಳಬೇಕು. ಆರೋಗ್ಯವಾಗಿದ್ದೇನಲ್ಲ ಎಂದು ಬಿಟ್ಟರೆ ದೇಹವು ಸದ್ದಿಲ್ಲದೆ ಅಂಗವನ್ನು ತಿರಸ್ಕರಿಸತೊಡಗುತ್ತದೆ. ವರ್ಷಗಳ ನಂತರ ಕಸಿ ಸೋಲುವುದಕ್ಕೆ ಮಾತ್ರೆ ತಪ್ಪಿಸುವುದೂ ಒಂದು ಮುಖ್ಯ ಕಾರಣವೆಂದು ವೈದ್ಯರು ಹೇಳುತ್ತಾರೆ. ಹೀಗೆ, ಊಟದ ಮೇಜಿನ ಬಳಿ ಗಡಿಯಾರ ನೋಡಿ ಮಾತ್ರೆ ಕೊಡುವ ಕೈ, ಶಸ್ತ್ರಚಿಕಿತ್ಸಕರ ಕೈಯಷ್ಟೇ ಮುಖ್ಯವಾಯಿತು.

ಧರ್ಮಸಭೆ ಏನು ಹೇಳಿತು?

ಜೀವಂತ ವ್ಯಕ್ತಿಯ ದೇಹದಿಂದ ಆರೋಗ್ಯವಾದ ಅಂಗವನ್ನು ತೆಗೆಯುವುದು ಸರಿಯೇ ಎಂಬ ಪ್ರಶ್ನೆ ಆರಂಭದಲ್ಲಿ ನೈತಿಕ ದೈವಶಾಸ್ತ್ರಜ್ಞರನ್ನೂ ಕಾಡಿತು. ಬಾಸ್ಟನ್ನಿನ ವೈದ್ಯರು ಕೂಡ 1954ರಲ್ಲಿ ಮುಂದುವರಿಯುವ ಮೊದಲು ಬೇರೆಬೇರೆ ಧರ್ಮಗಳ ಗುರುಗಳ ಅಭಿಪ್ರಾಯ ಕೇಳಿದ್ದರು. 1956ರ ಮೇ 14ರಂದು ಜಗದ್ಗುರು 12ನೇ ಪಿಯುಸ್ ಅವರು ಕಣ್ಣಿನ ಕಾರ್ನಿಯಾ ದಾನಿಗಳ ಸಂಘದವರಿಗೆ ಮಾತನಾಡುತ್ತಾ, ಮೃತರ ದೇಹದಿಂದ ದಾನ ಪಡೆಯುವುದು ಅವರಿಗೆ ತೋರುವ ಗೌರವಕ್ಕೆ ವಿರುದ್ಧವಲ್ಲ ಎಂದು ತಿಳಿಸಿದರು. 2000ದ ಆಗಸ್ಟ್ 29ರಂದು ಸಂತ ಎರಡನೇ ಜಾನ್ ಪೌಲರು ರೋಮ್ ನಗರದಲ್ಲಿ ಸೇರಿದ್ದ ಕಸಿ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅಂಗದಾನವನ್ನು ನಿಜವಾದ ಪ್ರೀತಿಯ ಕಾರ್ಯವೆಂದು ಕರೆದರು. ದಾನಿಯ ತಿಳಿದ ಒಪ್ಪಿಗೆ ಇರಲೇಬೇಕು, ಅಂಗಗಳನ್ನು ಸರಕಿನಂತೆ ಮಾರುವುದು ಮನುಷ್ಯನ ಘನತೆಗೆ ವಿರುದ್ಧ ಎಂದೂ ಸ್ಪಷ್ಟಪಡಿಸಿದರು. ಈ ಎರಡು ಷರತ್ತುಗಳನ್ನು ನೆನಪಿಟ್ಟುಕೊಳ್ಳೋಣ. ನಮ್ಮ ದೇಶದ ಚರಿತ್ರೆಯಲ್ಲಿ ಅವು ಮತ್ತೆ ಬರುತ್ತವೆ.

ನಮ್ಮ ನಾಡಿನಲ್ಲಿ

1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಭಾರತದ ಮೊದಲ ಯಶಸ್ವೀ ಮೂತ್ರಪಿಂಡ ಕಸಿ ನಡೆಯಿತು. ಮುಂದಿನ ಎರಡು ದಶಕಗಳಲ್ಲಿ ಈ ವಿದ್ಯೆ ಹರಡಿತು. ಜೊತೆಗೆ ಬಡವರ ಮೂತ್ರಪಿಂಡಗಳನ್ನು ಹಣಕ್ಕೆ ಕೊಳ್ಳುವ ದಂಧೆಯೂ ಹರಡಿತು. ಬೆಂಗಳೂರಿನ ಹೆಸರೂ ಅದರಲ್ಲಿ ಕೇಳಿಬಂತು. ಇದನ್ನು ತಡೆಯಲು ಸಂಸತ್ತು 1994ರಲ್ಲಿ ಮಾನವ ಅಂಗಾಂಗ ಕಸಿ ಕಾಯ್ದೆಯನ್ನು ಮಾಡಿತು. ಅದೇ ವರ್ಷದ ಆಗಸ್ಟ್ 3ರಂದು ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಡಾ. ಪಿ. ವೇಣುಗೋಪಾಲ್ ಅವರು ದೇಶದ ಮೊದಲ ಯಶಸ್ವೀ ಹೃದಯ ಕಸಿ ಮಾಡಿದರು.

ಕಾಯ್ದೆಯು ಹತ್ತಿರದ ಸಂಬಂಧಿ ಎಂದರೆ ಯಾರೆಂದು ಪಟ್ಟಿ ಮಾಡಿತು: ತಂದೆ, ತಾಯಿ, ಮಗ, ಮಗಳು, ಸಹೋದರ, ಸಹೋದರಿ. ಇವರೆಲ್ಲ ರಕ್ತಸಂಬಂಧಿಗಳು. ಇವರ ಸಾಲಿನಲ್ಲಿ ರಕ್ತಸಂಬಂಧವಿಲ್ಲದ ಒಬ್ಬರನ್ನು ಮಾತ್ರ ಸೇರಿಸಿತು: ಗಂಡ ಅಥವಾ ಹೆಂಡತಿ. ಮದುವೆಯ ನಂಟು ರಕ್ತದ ನಂಟಿಗೆ ಸಮ ಎಂದು ಕಾನೂನು ಹೇಳಿದಂತಾಯಿತು. ಮರುವರ್ಷ, 1995ರಲ್ಲಿ, ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನ ವೈದ್ಯರನ್ನೂ ಅಚ್ಚರಿಗೊಳಿಸಿತು. ಬಾಳಸಂಗಾತಿ ಕೊಟ್ಟ ಮೂತ್ರಪಿಂಡಗಳಲ್ಲಿ ಮೂರು ವರ್ಷದ ನಂತರವೂ ಶೇಕಡಾ 85 ಕೆಲಸ ಮಾಡುತ್ತಿದ್ದವು. ತಂದೆತಾಯಿ ಕೊಟ್ಟವುಗಳಲ್ಲಿ ಶೇಕಡಾ 82, ಮೃತ ದಾನಿಗಳದ್ದರಲ್ಲಿ ಶೇಕಡಾ 70. ಜೀವಂತ ದಾನಿಯ ಅಂಗವು ಕಸಿಗೆ ಮೊದಲು ಘಾಸಿಗೊಳ್ಳದೆ ಬರುವುದೇ ಇದಕ್ಕೆ ಕಾರಣವೆಂದು ತಜ್ಞರು ವಿವರಿಸಿದರು. ರಕ್ತಸಂಬಂಧವಿಲ್ಲ, ಆದ್ದರಿಂದ ಹೊಂದುವುದಿಲ್ಲ ಎಂಬ ಹಳೆಯ ಅಂಜಿಕೆ ದೂರವಾಯಿತು. ರಕ್ತದ ಗುಂಪು ಹೊಂದದ ದಂಪತಿಗಳಿಗೂ 2011ರ ತಿದ್ದುಪಡಿ ದಾರಿ ತೆರೆಯಿತು: ಎರಡು ಕುಟುಂಬಗಳು ಪರಸ್ಪರ ಅದಲುಬದಲಾಗಿ ಅಂಗದಾನ ಮಾಡಬಹುದು.

ಕೊಡುವವಳೂ ಅವಳೇ, ಕಾಯುವವಳೂ ಅವಳೇ

ಇಲ್ಲಿ ನಾವು ಒಂದು ಕಹಿ ಸತ್ಯವನ್ನು ಎದುರಿಸಬೇಕು. ರಾಷ್ಟ್ರೀಯ ಅಂಗಾಂಗ ಕಸಿ ಸಂಸ್ಥೆಯ ಲೆಕ್ಕದಂತೆ 1995ರಿಂದ 2021ರವರೆಗೆ ದೇಶದಲ್ಲಿ ನಡೆದ 36,640 ಕಸಿಗಳಲ್ಲಿ 29,000ಕ್ಕೂ ಹೆಚ್ಚು ಗಂಡಸರಿಗಾಗಿ ನಡೆದವು. ಹೆಂಗಸರಿಗೆ ಸಿಕ್ಕಿದ್ದು 7,000ಕ್ಕಿಂತ ಕಡಿಮೆ. ಆದರೆ ಬದುಕಿದ್ದಾಗಲೇ ಅಂಗ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು, ಅವರಲ್ಲೂ ಹೆಂಡತಿಯರು ಮತ್ತು ತಾಯಂದಿರು. ಗಂಡನಿಗೆ ಕಾಯಿಲೆಯಾದರೆ ಹೆಂಡತಿ ಕೊಡುತ್ತಾಳೆ. ಹೆಂಡತಿಗೆ ಕಾಯಿಲೆಯಾದರೆ? ದುಡಿಯುವವನು ಅವನು, ಅವನಿಗೆ ತೊಂದರೆಯಾಗಬಾರದು ಎಂದು ಮನೆಯವರೇ ಹೇಳುತ್ತಾರೆ. ದಾನಿಯ ಒಪ್ಪಿಗೆ ಇರಬೇಕು ಎಂದರೆ ಕಾಗದದ ಮೇಲಿನ ಸಹಿಯಷ್ಟೇ ಅಲ್ಲ. ಬೇಡ ಎನ್ನುವ ಸ್ವಾತಂತ್ರ್ಯವಿದ್ದಾಗ ಮಾತ್ರ ಹೂಂ ಎಂಬುದು ದಾನವಾಗುತ್ತದೆ.

ಇನ್ನೊಂದು ವಿಷಯ. ಹೆಂಡತಿಯೇ ದಾನಿಯಾದ ಮನೆಯಲ್ಲಿ ಒಂದೇ ದಿನ ಇಬ್ಬರು ರೋಗಿಗಳಾಗುತ್ತಾರೆ. ಕೊಟ್ಟವಳಿಗೂ ಹೊಟ್ಟೆಯ ಗಾಯ ಮಾಗಬೇಕು, ಕೆಲವು ವಾರ ಅವಳು ಭಾರ ಎತ್ತಬಾರದು, ಸುಸ್ತು ಹೋಗಲು ಇನ್ನೂ ಸಮಯ ಬೇಕು. ಆದರೆ ಆಸ್ಪತ್ರೆಯಿಂದ ಬಂದ ವಾರದಲ್ಲೇ ಅವಳು ಬಿಂದಿಗೆ ಎತ್ತಿ, ಒಲೆಯ ಮುಂದೆ ನಿಂತು, ಗಂಡನ ಮಾತ್ರೆಯ ಲೆಕ್ಕ ಇಡುತ್ತಿರುತ್ತಾಳೆ. ಬಂದವರೆಲ್ಲ ಗಂಡನ ಆರೋಗ್ಯ ವಿಚಾರಿಸಿ ಹೋಗುತ್ತಾರೆ. ನೀನು ಹೇಗಿದ್ದೀಯಮ್ಮಾ ಎಂದು ಕೇಳುವವರು ಅಪರೂಪ. ದಾನ ಕೊಟ್ಟವರು ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ, ಮೂತ್ರ ಮತ್ತು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಕೊಳ್ಳಬೇಕು. ಅವರನ್ನು ಪರೀಕ್ಷೆಗೆ ಕರೆದೊಯ್ಯುವುದು ಅಂಗ ಪಡೆದ ಗಂಡನ ಕರ್ತವ್ಯ.

ಮನೆಯೊಳಗಿನ ಚರಿತ್ರೆ

ಹಾಗಾದರೆ ಸಂಗಾತಿ ಮಾಡುವ ಕೆಲಸವೇನು? ಮೊದಲ ಮೂರು ತಿಂಗಳು ಕಠಿಣ. ಬೆಳಿಗ್ಗೆ ತೂಕ, ಜ್ವರ, ರಕ್ತದೊತ್ತಡ ನೋಡಿ ಪುಸ್ತಕದಲ್ಲಿ ಬರೆಯಬೇಕು. ಅನೇಕರಿಗೆ ಮಾತ್ರೆ 12 ಗಂಟೆಗೊಮ್ಮೆ; ಬೆಳಿಗ್ಗೆ ಎಂಟಕ್ಕಾದರೆ ರಾತ್ರಿಯೂ ಎಂಟಕ್ಕೇ. ರಕ್ತದಲ್ಲಿ ಔಷಧಿಯ ಮಟ್ಟ ನೋಡುವ ದಿನ ಮಾತ್ರ ಬೆಳಗಿನ ಮಾತ್ರೆಯನ್ನು ಮೊದಲೇ ನುಂಗಬಾರದು. ಜೊತೆಗೆ ಒಯ್ದು, ರಕ್ತ ಕೊಟ್ಟ ಮೇಲೆ ತೆಗೆದುಕೊಳ್ಳಬೇಕು. ಇದನ್ನು ನೆನಪಿಡುವುದು ಹೆಚ್ಚಾಗಿ ಸಂಗಾತಿಯೇ. ಚಕ್ಕೋತ ಮತ್ತು ಅದರ ಜಾತಿಯ ಗ್ರೇಪ್‌ಫ್ರೂಟ್ ಈ ಔಷಧಿಗಳ ಮಟ್ಟವನ್ನು ಏರಿಸುತ್ತವೆ, ಆದ್ದರಿಂದ ಬೇಡ. ನಾಟಿ ಮದ್ದು, ಕಷಾಯ, ಅಂಗಡಿಯ ನೋವಿನ ಮಾತ್ರೆ ಯಾವುದೂ ವೈದ್ಯರನ್ನು ಕೇಳದೆ ಕೊಡಬಾರದು. ನೀರು ಕುದಿಸಿದ್ದಾಗಿರಲಿ, ಹಾಲು ಕಾಯಿಸಿದ್ದಾಗಿರಲಿ, ಊಟ ಬಿಸಿಯಾಗಿರಲಿ. ಜ್ವರ ಬಂದರೆ ನಾಳೆ ನೋಡೋಣ ಎನ್ನದೆ ಆಸ್ಪತ್ರೆಗೆ ಫೋನ್ ಮಾಡಬೇಕು.

ಇವೆಲ್ಲ ಕೈಯ ಕೆಲಸ. ಮನಸ್ಸಿನ ಕೆಲಸ ಇದಕ್ಕಿಂತ ದೊಡ್ಡದು. ಸ್ಟೀರಾಯ್ಡ್ ಮಾತ್ರೆಗಳಿಂದ ಮುಖ ಊದಿಕೊಳ್ಳುತ್ತದೆ, ನಿದ್ದೆ ಕೆಡುತ್ತದೆ, ಸಣ್ಣ ಮಾತಿಗೂ ಸಿಟ್ಟು ಬರುತ್ತದೆ. ನಿನ್ನೆಯವರೆಗೆ ಸೌಮ್ಯವಾಗಿದ್ದ ಮನುಷ್ಯ ತಟ್ಟೆ ನೂಕಿ ಎದ್ದುಹೋದಾಗ, ಇದು ಇವರ ಗುಣವಲ್ಲ, ಮಾತ್ರೆಯ ಗುಣ ಎಂದು ತಿಳಿದರೆ ಅರ್ಧ ನೋವು ಕಡಿಮೆಯಾಗುತ್ತದೆ. ಆದರೂ ವೈದ್ಯರಿಗೆ ಹೇಳಬೇಕು. ಪ್ರಮಾಣ ಬದಲಿಸಲು ಅವರಿಗೆ ಸಾಧ್ಯವಿದೆ. ಅಂಗ ತಿರಸ್ಕಾರದ ಭಯ, ಸಾಲದ ಚಿಂತೆ, ಮೃತ ದಾನಿಯ ಅಂಗವಾದರೆ ಯಾರದೋ ಸಾವಿನಿಂದ ತಾನು ಬದುಕಿದೆನೆಂಬ ಸಂಕಟ, ಇವು ರೋಗಿಯನ್ನು ಮೌನಿಯನ್ನಾಗಿ ಮಾಡುತ್ತವೆ. ಆ ಮೌನದ ಪಕ್ಕದಲ್ಲಿ ಕೂರುವುದೂ ಆರೈಕೆಯೇ.

ಕಾಲ ಕಳೆದಂತೆ ಸಂಗಾತಿ ಕಲಿಯಬೇಕಾದ ಇನ್ನೊಂದು ಪಾಠವಿದೆ: ಕೈಬಿಡುವುದು. ಮೊದಲು ಮಾತ್ರೆ ಕೊಟ್ಟವರು ಮೆಲ್ಲಗೆ ಡಬ್ಬಿಯನ್ನು ರೋಗಿಯ ಕೈಗೇ ಒಪ್ಪಿಸಬೇಕು. ಕೆಲಸಕ್ಕೆ, ಪೂಜೆಗೆ, ಸಂತೆಗೆ ಹೋಗಲು ಬಿಡಬೇಕು. ಜೀವನವಿಡೀ ರೋಗಿಯಾಗಿಯೇ ಇರಿಸುವುದಕ್ಕೆ ಕಸಿ ಮಾಡಿಸಿದ್ದಲ್ಲವಷ್ಟೇ?

ಧರ್ಮಕೇಂದ್ರದ ಪಾಲು

ಮೊದಲ ಕಸಿಗಳು ನಡೆದ ದಿನಗಳನ್ನು ಮತ್ತೊಮ್ಮೆ ಗಮನಿಸಿ: ಡಿಸೆಂಬರ್ 3, ಡಿಸೆಂಬರ್ 23, ಜನವರಿ 2. ಎಲ್ಲವೂ ಆಗಮನ ಕಾಲ ಮತ್ತು ಕ್ರಿಸ್ತಜಯಂತಿಯ ಆಸುಪಾಸಿನಲ್ಲಿ. ಇದೇ ದಿನಗಳಲ್ಲಿ ನಾವು ಪವಿತ್ರ ಕುಟುಂಬದ ಹಬ್ಬವನ್ನೂ ಆಚರಿಸುತ್ತೇವೆ. ಅನೇಕ ಧರ್ಮಕೇಂದ್ರಗಳಲ್ಲಿ ದಂಪತಿಗಳು ಅಂದು ವಿವಾಹದ ಮಾತನ್ನು ನವೀಕರಿಸುತ್ತಾರೆ. ಆ ಸಾಲಿನಲ್ಲಿ ನಿಲ್ಲಲಾಗದವರು ನಮ್ಮ ನಡುವೆ ಇದ್ದಾರೆ. ಸೋಂಕಿನ ಭಯದಿಂದ ಜನಸಂದಣಿಗೆ ಬರಲಾರದ ಗಂಡ, ಅವನನ್ನು ಬಿಟ್ಟು ಬರಲಾರದ ಹೆಂಡತಿ. ಅವರು ತಮ್ಮ ಮಾತನ್ನು ನವೀಕರಿಸುತ್ತಿರುವುದು ಮನೆಯಲ್ಲಿ, ಬೆಳಿಗ್ಗೆ ಎಂಟಕ್ಕೆ ಮತ್ತು ರಾತ್ರಿ ಎಂಟಕ್ಕೆ.

ಅಂಥ ಮನೆಗಳಿಗೆ ನಾವು ಏನು ಮಾಡಬಹುದು? ನೆಗಡಿ ಕೆಮ್ಮು ಇದ್ದಾಗ ಭೇಟಿಗೆ ಹೋಗದಿರುವುದೇ ಮೊದಲ ಉಪಕಾರ. ಮಕ್ಕಳನ್ನು ಶಾಲೆಗೆ ಬಿಟ್ಟುಬರಬಹುದು. ಮನೆಯಲ್ಲೇ ಮಾಡಿದ ಬಿಸಿ ಅಡುಗೆ ಕೊಡಬಹುದು. ತಪಾಸಣೆಯ ದಿನ ಜೊತೆಗೆ ಹೋಗಿ ಸಾಲಿನಲ್ಲಿ ನಿಲ್ಲಬಹುದು. ಆರೈಕೆ ಮಾಡುವವರು ವಾರಕ್ಕೊಮ್ಮೆ ನೆಮ್ಮದಿಯಾಗಿ ಪೂಜೆಗೆ ಬಂದುಹೋಗುವಂತೆ ಎರಡು ಗಂಟೆ ಅವರ ಮನೆಯಲ್ಲಿ ಇರಬಹುದು. ಮಾತ್ರೆಗಳ ಖರ್ಚು ಶಸ್ತ್ರಚಿಕಿತ್ಸೆಯೊಂದಿಗೆ ಮುಗಿಯುವುದಿಲ್ಲ. ಆದ್ದರಿಂದ ಧರ್ಮಕೇಂದ್ರದ ಸಹಾಯವೂ ಒಂದು ಸಲದ ಸಂಗ್ರಹದೊಂದಿಗೆ ಮುಗಿಯಬಾರದು. ಸರ್ಕಾರದ ನೆರವಿಗೆ ಆಸ್ಪತ್ರೆಯ ಕಸಿ ಸಂಯೋಜಕರನ್ನೂ, ಮೃತ ದಾನಿಗಳ ಅಂಗಕ್ಕಾಗಿ ಹೆಸರು ನೋಂದಾಯಿಸುವ ಬಗ್ಗೆ ಕರ್ನಾಟಕದ ಜೀವಸಾರ್ಥಕತೆ ಸಂಸ್ಥೆಯನ್ನೂ ವಿಚಾರಿಸಲು ಕುಟುಂಬಕ್ಕೆ ನೆರವಾಗೋಣ. ಮೃತರ ಅಂಗದಾನ ಹೆಚ್ಚಿದಷ್ಟೂ, ಮನೆಯ ಹೆಣ್ಣುಮಗಳೇ ಕೊಡಬೇಕೆಂಬ ಒತ್ತಡ ಕಡಿಮೆಯಾಗುತ್ತದೆ ಎಂಬುದನ್ನೂ ಮರೆಯದಿರೋಣ.

ಅಂಗಾಂಗ ಕಸಿಯ ಚರಿತ್ರೆಯ ಪುಸ್ತಕಗಳಲ್ಲಿ ಕ್ಲೇರ್, ಆನ್, ಐಲೀನ್ ಅವರಿಗೆ ಸಿಕ್ಕಿರುವುದು ಒಂದೆರಡು ಸಾಲು ಮಾತ್ರ. ನಮ್ಮ ಬೀದಿಯಲ್ಲೇ ಅಂಥವರು ಒಬ್ಬರಿರಬಹುದು. ಮುಂದಿನ ಭಾನುವಾರ ಅವರ ಮನೆಗೆ ಹೋದಾಗ ರೋಗಿಯ ಕ್ಷೇಮ ವಿಚಾರಿಸಿದ ಮೇಲೆ, ಪಕ್ಕದಲ್ಲಿ ನಿಂತಿರುವವರ ಕಡೆಗೂ ತಿರುಗಿ, ನೀವು ಊಟ ಮಾಡಿದಿರಾ, ನಿದ್ದೆ ಮಾಡಿದಿರಾ ಎಂದು ಕೇಳೋಣ.